ಮಿರಗದ ಮೀನಿಗೆ ಹೋದ ದಿನ

ಬಸ್ಸು ಹತ್ತುವಾಗ ನಾನು ಯಾವಾಗಲೂ ಕೊನೆಯವನು. ಯಾದಗಿರಿಯಲ್ಲಿ ಶಹಾಪುರದ ಗಾಡಿ ಬಂದು ನಿಂತಾಗ ಜನ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುತ್ತಾರೆ, ನಾನು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ. ಮುದುಕರು, ಕೂಸು ಎತ್ತಿಕೊಂಡವರು, ಕಾಲು ಕಟ್ಟಿದ ಕೋಳಿ ಹಿಡಿದವರು ಎಲ್ಲರೂ ಒಳಗೆ ಹೋದ ಮೇಲೆ ನನ್ನ ಕಾಲು ಮೆಟ್ಟಿಲಿಗೆ ಹೋಗುತ್ತದೆ. ಇದನ್ನು ಒಳ್ಳೆಯ ನಡತೆ ಎಂದುಕೊಂಡವರಿದ್ದಾರೆ. ನನ್ನ ಹೆಂಡತಿ ಹಾಗೆ ಅಂದುಕೊಂಡವಳಲ್ಲ. ಮೂವತ್ತು ವರ್ಷ ನನ್ನಿಂದಾಗಿ ನಿಂತುಕೊಂಡೇ ಪ್ರಯಾಣ ಮಾಡಿದವಳು ಅವಳು. ಕಾರಣವನ್ನು ಅವಳಿಗೂ ಪೂರ್ತಿ ಹೇಳಿಲ್ಲ. ಅದು ಒಂದು ಹೊಳೆಯ ಮಾತು, ಒಂದು ಬೆಳಗಿನ ಮಾತು. ಅದನ್ನು ಹೇಳಬೇಕಾದರೆ ಮೊದಲು ಮೀನು ಹಿಡಿಯುವುದನ್ನು ಹೇಗೆ ಕಲಿತೆ ಎನ್ನುವುದರಿಂದ ಶುರು ಮಾಡಬೇಕು.

ನಮ್ಮ ಮನೆಯಲ್ಲಿ ಗಾಳ ಹಿಡಿದವರು ಯಾರೂ ಇರಲಿಲ್ಲ. ವಡಗೇರಾ ಕಡೆಯ ಒಂದು ಹಳ್ಳಿ ನಮ್ಮದು, ಕುರಿ ಸಾಕುವವರು. ಮೀನು ನಮ್ಮ ಮನೆಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಮಿರಗ ಕೂಡುವ ದಿನ. ಮೃಗಶಿರಾ ಮಳೆ ಹುಟ್ಟುವ ಆ ದಿನ ನಮ್ಮ ಸೀಮೆಯಲ್ಲಿ ಬಾಯಿಗೆ ಒಂದು ತುಂಡಾದರೂ ಮೀನು ಬೀಳಬೇಕು. ದಮ್ಮು ಇದ್ದವರಂತೂ ತಿನ್ನಲೇಬೇಕು, ತಿಂದರೆ ಮಳೆಗಾಲ ಪೂರ್ತಿ ಉಸಿರು ಸಡಿಲವಾಗಿರುತ್ತದೆ ಎಂದು ನಂಬಿಕೆ. ನನ್ನ ಅವ್ವನಿಗೆ ದಮ್ಮಿತ್ತು. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತು ಉಸಿರು ಎಳೆಯುವ ಅವಳಿಗೆ ಮಿರಗದ ಮೀನೆಂದರೆ ಔಷಧವೂ ಹೌದು, ದೇವರ ಪ್ರಸಾದವೂ ಹೌದು.

ನಾನು ಹೈದರಾಬಾದಿನಲ್ಲಿ ಕಾಲೇಜು ಓದುತ್ತಿದ್ದಾಗ ಗಲಾಟೆ ಹೆಚ್ಚಾಗಿ ತರಗತಿಗಳು ನಿಂತವು. ಊರಿಗೆ ಬಂದು ಒಂದು ವರ್ಷ ಅಪ್ಪನ ಕುರಿಯ ಹಿಂದೆ ಅಲೆದೆ. ನಿಜಾಮರ ರಾಜ್ಯ ಹೋಯಿತು. ಉಳಿದ ಪರೀಕ್ಷೆ ಮುಗಿಸಿ ಬಂದವನಿಗೆ ಯಾದಗಿರಿಯ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಹಳೆಯ ಉರ್ದು ದಫ್ತರುಗಳನ್ನು ಓದಿ ಸಾರಾಂಶವನ್ನು ಕನ್ನಡದಲ್ಲಿ ಬರೆಯುವುದು ಕೆಲಸ. ಅಚ್ಚಿನ ಉರ್ದು ನನಗೆ ನೀರು ಕುಡಿದಷ್ಟು ಸುಲಭವಿತ್ತು. ಆದರೆ ದಫ್ತರುಗಳ ಬರಹ ಬೇರೆ. ಚುಕ್ಕಿಗಳಿಲ್ಲ, ಒಂದರೊಳಗೊಂದು ಸಿಕ್ಕಿಕೊಂಡ ಅಕ್ಷರಗಳು, ಇರುವೆಗೆ ಮಸಿ ಹಚ್ಚಿ ಕಾಗದದ ಮೇಲೆ ಬಿಟ್ಟಂತೆ. ಮೊದಲ ವಾರ ಒಂದು ಹಾಳೆಯನ್ನೂ ಮುಗಿಸಲಾಗಲಿಲ್ಲ. ಆಗ ಯಾರೋ ಹೇಳಿದರು, ಇದನ್ನು ಬರೆದವನೇ ಊರಲ್ಲಿದ್ದಾನೆ, ಹೋಗಿ ಕೇಳು ಎಂದು.

ಹಾಗೆ ಸಿಕ್ಕವರು ಚಾಚಾ. ಮೂವತ್ತು ವರ್ಷ ಅದೇ ಕಚೇರಿಯಲ್ಲಿ ಕಾರಕೂನರಾಗಿದ್ದು, ಹೊಸ ಸರಕಾರ ಬಂದ ಮೇಲೆ ಮನೆಯಲ್ಲಿ ಕೂತಿದ್ದರು. ಬಲ ಮೊಣಕಾಲು ಬಗ್ಗುತ್ತಿರಲಿಲ್ಲ, ಬೆತ್ತ ಊರಿಕೊಂಡು ನಡೆಯುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು. ಮಗಳನ್ನು ದೂರ ಕೊಟ್ಟಿದ್ದರು. ನಾನು ಮೊದಲ ಸಲ ಹೋದಾಗ ಅಡುಗೆಮನೆಯಲ್ಲಿ ಹುರಿದ ಜೋಳದ ಹಿಟ್ಟಿಗೆ ಶೇಂಗಾ ಹಿಂಡಿ, ಅಜವಾನ, ಚಿಟಿಕೆ ಇಂಗು ಹಾಕಿ ನಾದುತ್ತಿದ್ದರು. ಘಮ ಎಷ್ಟು ಚೆನ್ನಾಗಿತ್ತೆಂದರೆ ಊಟಕ್ಕೆ ಕರೆಯುತ್ತಾರೇನೋ ಎಂದು ಕಾದೆ. ಅದು ಮೀನಿಗೆ ಎಂದು ಆಮೇಲೆ ತಿಳಿಯಿತು. ತಾವು ಮಾತ್ರ ತಣ್ಣಗಿನ ರೊಟ್ಟಿ, ಈರುಳ್ಳಿ ತಿಂದರು.

ದಫ್ತರಿನ ಅಕ್ಷರ ಕಲಿಸಲು ಅವರು ಇಟ್ಟ ಒಂದೇ ಷರತ್ತೆಂದರೆ ರವಿವಾರ ಹೊಳೆಗೆ ಬರುವುದು, ಹೊಳೆಯ ಜಾರುವ ಕಲ್ಲುಹಾಸಿನಲ್ಲಿ ಅವರಿಗೆ ಭುಜ ಕೊಡುವುದು. ಅಕ್ಷರ ಆರು ತಿಂಗಳಲ್ಲಿ ಬಂತು. ಗಾಳ ಮಾತ್ರ ಆಮೇಲೂ ನನ್ನನ್ನು ಬಿಡಲಿಲ್ಲ.

ಹೊಳೆಯ ಮೀನಿಗೂ ಸುಗ್ಗಿ ಉಂಟು, ಹಂಗಾಮು ಉಂಟು ಎನ್ನುವುದನ್ನು ನಾನು ಅವರಿಂದ ಕಲಿತೆ. ದಸರೆಯ ಹೊತ್ತಿಗೆ ಭೀಮೆಯ ಕೆಂಪು ಇಳಿದು ನೀರು ಹಸಿರಾಗುತ್ತದೆ. ಆಗ ಗೆಂಡೆ ಮೀನು ದಂಡೆಗೆ ಮೇಯಲು ಬರುತ್ತವೆ. ಕಟ್ಟಿರುವೆಯಂತೆ ಕಪ್ಪಗಿರುವ ಕಾಗೆ ಮೀನು ಕಲ್ಲಿನ ಸಂದಿಯ ಪಾಚಿ ನೆಕ್ಕುತ್ತವೆ. ಚಳಿ ಬಿದ್ದ ಮೇಲೆ ಅವಕ್ಕೆ ಸೋಮಾರಿತನ. ಬಿಸಿಲು ನೆತ್ತಿಗೆ ಬಂದಾಗ ಒಂದು ಗಂಟೆ ಮಾತ್ರ ಬಾಯಿ ತೆರೆಯುತ್ತವೆ, ಉಳಿದ ಹೊತ್ತು ನಾವು ಕೂತು ನೀರು ನೋಡಬೇಕು. ಬೇಸಿಗೆಯಲ್ಲಿ ಹೊಳೆ ಸೀಳಿ ಮಡುಗಳಾಗಿ ನಿಲ್ಲುತ್ತದೆ. ಅದೇ ಚಾಚಾನ ನಿಜವಾದ ಹಂಗಾಮು. ಒಂದು ಮಡುವನ್ನು ಆರಿಸಿ, ಮೂರು ದಿನ ಗಾಳ ಹಾಕದೆ ಬರಿಯ ಹಿಂಡಿಯ ಉಂಡೆ ಹಾಕಿ ಬರುವುದು. ನಾಲ್ಕನೆಯ ದಿನ ಮೀನು ತಮ್ಮ ಮನೆಯ ಊಟಕ್ಕೆ ಬಂದಂತೆ ಬರುತ್ತವೆ. ಹೀಗೆ ಮೇವು ಹಾಕಿದ ಮಡುವಿನ ದಂಡೆಗೆ ಒಂದರ ಮೇಲೊಂದು ಮೂರು ಕಲ್ಲು ಇಟ್ಟರೆ ಮುಗಿಯಿತು, ಬೇರೆ ಯಾರೂ ಅಲ್ಲಿ ಗಾಳ ಹಾಕುವುದಿಲ್ಲ. ರಾಜ್ಯವೇ ಬದಲಾದ ಆ ವರ್ಷಗಳಲ್ಲೂ ಆ ಮೂರು ಕಲ್ಲುಗಳನ್ನು ಯಾರೂ ಬೀಳಿಸಿದ್ದನ್ನು ನಾನು ನೋಡಲಿಲ್ಲ.

ಒಂದು ಚಳಿಗಾಲ ನನ್ನನ್ನು ಸುರಪುರಕ್ಕೆ ಹಾಕಿದರು. ರಂಗಂಪೇಟೆಯಲ್ಲಿ ನೇಕಾರರ ಮನೆಯ ಮಗ್ಗುಲಲ್ಲಿ ಒಂದು ಖೋಲಿ ಹಿಡಿದಿದ್ದೆ. ಮಗ್ಗದ ಲಾಳಿಯ ಸದ್ದಿಗೆ ನಿದ್ದೆ, ಅದೇ ಸದ್ದಿಗೆ ಎಚ್ಚರ. ಚಾಚಾ ಎರಡು ಸಲ ಬಂದು ನನ್ನ ಹತ್ತಿರ ಉಳಿದರು. ಎತ್ತಿನ ಗಾಡಿಯಲ್ಲಿ ಕೃಷ್ಣೆಗೆ ಹೋದೆವು. ಕೃಷ್ಣೆಯ ಮುಂದೆ ನಮ್ಮ ಭೀಮೆ ತಂಗಿಯಂತೆ. ಅಲ್ಲಿ ಒಂದು ಮೀನು ನನ್ನ ಗಾಳ ಕಚ್ಚಿ, ಅವಸರವೇ ಇಲ್ಲದೆ ನಡುಹೊಳೆಗೆ ನಡೆದುಕೊಂಡು ಹೋಯಿತು. ನಡೆದುಕೊಂಡೇ ಹೋಯಿತು ಎನ್ನಬೇಕು, ಅಷ್ಟು ನಿಧಾನ. ದಾರ ಮುಗಿಯಿತು, ಟಕ್ಕೆಂದು ಹರಿಯಿತು. ಚಾಚಾ ನೀರ ಮೇಲೆ ತೇಲುತ್ತಿದ್ದ ತಮ್ಮ ನವಿಲುಗರಿಯ ಬೆಂಡಿನಿಂದ ಕಣ್ಣು ತೆಗೆಯದೆ, ಅಂವ ಇಲ್ಲಿನ ಜಾಗೀರದಾರ, ನೀ ಸಲಾಮ್ ಹೊಡಿ ಅಂದರು.

ಈಗ ಮೂರನೆಯ ಮನುಷ್ಯನ ಮಾತು. ಯಾದಗಿರಿಯಿಂದ ಕೆಳಗೆ ನಾವು ಹೋಗುತ್ತಿದ್ದ ಕಡವಿನಲ್ಲಿ ಒಬ್ಬ ಅಂಬಿಗನಿದ್ದ. ಬಿದಿರಿನ ಹಂದರಕ್ಕೆ ಎಮ್ಮೆಯ ತೊಗಲು ಬಿಗಿದ ಎರಡು ಹರಿಗೋಲು ಅವನವು, ಒಂದು ದೊಡ್ಡದು, ಒಂದು ಇಬ್ಬರಿಗಷ್ಟೇ ಸಾಲುವ ಚಿಕ್ಕದು. ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಅವ್ವನ ತವರೂರಿನವನು, ನನ್ನನ್ನು ಚಿಕ್ಕಂದಿನಿಂದ ದಾಟಿಸಿದವನು. ಅವನು ನನ್ನೊಡನೆ ಮಾತಾಡುತ್ತಿದ್ದ. ಚಾಚಾನೊಡನೆ ಮಾತಾಡುತ್ತಿರಲಿಲ್ಲ. ಚಾಚಾ ಪಕ್ಕದಲ್ಲೇ ಕೂತಿದ್ದರೂ ಅಲ್ಲಿ ಒಂದು ಕಲ್ಲು ಇದ್ದಂತೆ ನನ್ನನ್ನಷ್ಟೇ ನೋಡಿ ಮಾತಾಡಿ ಹೋಗುತ್ತಿದ್ದ.

ಕಾರಣ ಊರಿಗೆಲ್ಲ ಗೊತ್ತಿತ್ತು. ಗಲಾಟೆಯ ವರ್ಷ ಒಂದು ಹುಕುಂ ಬಂದಿತ್ತು. ಗೊತ್ತಿಲ್ಲದವರು ಹೊಳೆ ದಾಟಬಾರದು, ಅದಕ್ಕಾಗಿ ದಂಡೆಯ ಹರಿಗೋಲುಗಳ ತೊಗಲು ಸೀಳಿ ಹಾಕಬೇಕು ಎಂದು. ಹುಕುಂ ತಂದ ಸಿಪಾಯಿಗಳಿಗೆ ಕನ್ನಡ ಬರುತ್ತಿರಲಿಲ್ಲ. ದಂಡೆಯ ಮೇಲೆ ನಿಂತು ಅದನ್ನು ಕನ್ನಡದಲ್ಲಿ ಓದಿ ಹೇಳಿದವರು ಕಾರಕೂನ ಚಾಚಾ. ಅವರು ಓದಿ ಮುಗಿಸಿದ ಮೇಲೆ ಸಿಪಾಯಿಗಳು ಕಾಕಾನ ಎರಡು ಹರಿಗೋಲನ್ನೂ ಸೀಳಿದರು. ಮಳೆಗಾಲ ಹತ್ತಿರವಿತ್ತು. ಹೊಸ ನೀರು ಬಂದಾಗ ಅಂಬಿಗರು ನಡುಹೊಳೆಗೆ ಹೋಗಿ ಹೊಳೆಗೆ ಉಡಿ ತುಂಬುತ್ತಾರೆ. ಹಸಿರು ಕುಬಸದ ಕಣ, ಅಕ್ಕಿ, ಕೊಬ್ಬರಿ, ಅರಿಷಿಣ ಬೇರು, ಬಸುರಿ ಮಗಳಿಗೆ ತುಂಬಿದಂತೆ. ಕಾಕಾನ ಅಪ್ಪ, ಅಜ್ಜ ತುಂಬಿದ್ದರು. ಆ ಒಂದು ವರ್ಷ ಕಾಕಾ ಹರಿಗೋಲಿಲ್ಲದೆ ದಂಡೆಯಲ್ಲಿ ನಿಂತು ಎಸೆದ. ಗಾಳಿಗೆ ಕಣ ತಿರುಗಿ ಬಂದು ಅವನ ಕಾಲಿಗೇ ಸುತ್ತಿಕೊಂಡಿತಂತೆ. ಅದನ್ನು ಅವನು ಮರೆಯಲಿಲ್ಲ.

ನಾನೊಮ್ಮೆ ಚಾಚಾನನ್ನು ಇದರ ಬಗ್ಗೆ ಕೇಳಿದೆ. ಅವರು ಗಾಳಕ್ಕೆ ಹಿಟ್ಟು ಹಚ್ಚುತ್ತಿದ್ದರು.

"ಬೇಟಾ, ಕತ್ತಿ ನನ್ನ ಕೈಯಾಗ ಇರಲಿಲ್ಲ, ಕಾಗದ ಇತ್ತು," ಅಂದರು. ಗಾಳವನ್ನು ನೀರಿಗೆ ಬಿಟ್ಟು, "ಆದರ ಕತ್ತಿ ಹಿಡದಾವನ ಮುಖ ಅಂವಗ ನೆನಪಿಲ್ಲ. ನನ್ನ ದನಿ ನೆನಪದ."

ಕಾಕಾ ಗಾಳ ಹಾಕುವವರನ್ನು ನೋಡಿ ನಗುತ್ತಿದ್ದ. ಅವನದು ಬಲೆ. ಒಂದು ಕೋಲು ಹಿಡಿದು ಒಂದು ಮೀನಿಗಾಗಿ ದಿನವಿಡೀ ಕೂಡುವುದು ಅವನ ಕಣ್ಣಿಗೆ ಕಚೇರಿಯವರ ಚಟ. ಆದರೂ ಒಂದು ಬೇಸಿಗೆಯ ಕೊನೆಯಲ್ಲಿ, ನಾನು ಮಿರಗದ ಹೊತ್ತಿಗೂ ಬರುವವನು ಎಂದು ತಿಳಿದು, ಒಂದು ಮಾತು ಹೇಳಿದ.

"ಮೀನ ಎಡಬಿಡದಾಂಗ ಕಚ್ಚಾಕತ್ತಾವಂದ್ರ ಗಾಳ ಸುತ್ತು, ಮನೀ ದಾರಿ ಹಿಡಿ. ಮ್ಯಾಲ ಎಲ್ಲೋ ಹೊಸ ನೀರು ಬಂದಿರತದ. ನಮಗ ಕಾಣೂಕಿಂತ ಮೊದಲ ಅದರ ವಾಸನಿ ಅವಕ್ಕ ಹತ್ತತದ."

ನಾನು ಹೂಂ ಅಂದೆ. ಆಮೇಲೆ ಚಾಚಾನಿಗೆ ಹೇಳಿ ಇಬ್ಬರೂ ನಕ್ಕೆವು. ಮೀನು ಕಚ್ಚದಿದ್ದರೆ ಕೂಡಬೇಕು, ಕಚ್ಚಿದರೆ ಎದ್ದು ಹೋಗಬೇಕು, ಇಂಥ ಗುರು ಸಿಕ್ಕರೆ ಉಪವಾಸವೇ ಗತಿ ಎಂದು.

ಆ ವರ್ಷ ಮಿರಗ ಕೂಡುವ ದಿನ ಬೆಳಿಗ್ಗೆ ನಾವು ಹೊಳೆಯಲ್ಲಿದ್ದೆವು. ಮಧ್ಯಾಹ್ನದೊಳಗೆ ಹಳ್ಳಿಗೆ ಮೀನು ಮುಟ್ಟಿಸುವುದಾಗಿ ಅವ್ವನಿಗೆ ಮಾತು ಕೊಟ್ಟಿದ್ದೆ. ಹಿಂದಿನ ಮಳೆಗಾಲ ಅವಳಿಗೆ ಬಹಳ ಕೆಟ್ಟದಾಗಿ ಹೋಗಿತ್ತು. ಆಕಾಶದಲ್ಲಿ ಒಂದು ಅರಳೆಯಷ್ಟೂ ಮೋಡವಿರಲಿಲ್ಲ. ಹೊಳೆ ಸಣಕಲಾಗಿತ್ತು. ದಂಡೆಯಿಂದ ನಡುಹೊಳೆಯ ಬಂಡೆಯವರೆಗೆ ಸಣ್ಣ ಕಲ್ಲುಗಳ ಹಾಸು, ಪಾದ ಮುಳುಗುವಷ್ಟು ನೀರು. ಬಂಡೆಯ ಆಚೆ ಮಡು. ಆ ಮಡುವಿಗೆ ನಾವು ಮೂರು ದಿನ ಮೇವು ಹಾಕಿದ್ದೆವು.

ಚಾಚಾಗೆ ದಂಡೆಯಿಂದಲೇ ಹಾಕುವ ಮನಸ್ಸಿತ್ತು. ಕಲ್ಲುಹಾಸು ಜಾರುತ್ತದೆ, ಮೊಣಕಾಲು ಇವತ್ತು ನೆಟ್ಟಗಿಲ್ಲ ಅಂದರು. ಬಂಡೆಯಿಂದಲಾದರೆ ಗಾಳ ಸೀದಾ ಮಡುವಿನ ಬಾಯಿಗೆ ಬೀಳುತ್ತದೆ ಎಂದು ಒತ್ತಾಯ ಮಾಡಿದವನು ನಾನು. ಭುಜ ಕೊಟ್ಟು ನಡೆಸಿಕೊಂಡು ಹೋದವನೂ ನಾನೇ. ಬಂಡೆಯ ಬುಡದಲ್ಲಿ ನೀರಿನ ಅಂಚಿಗೆ ಸರಿಯಾಗಿ ಒಂದು ಜಾಲಿ ಕಡ್ಡಿ ನೆಟ್ಟೆ. ನೀರು ಏರಿದರೆ ತಿಳಿಯಲಿ ಎಂದು. ಓದಿದವನ ಬುದ್ಧಿ ಅಷ್ಟು ಕೆಲಸ ಮಾಡಿತು.

ಬೆಂಡು ನೀರಿಗೆ ಬಿದ್ದ ಕ್ಷಣಕ್ಕೆ ಮುಳುಗಿತು. ಅಂಥದ್ದನ್ನು ನಾನು ಎಂದೂ ನೋಡಿರಲಿಲ್ಲ. ಹಿಟ್ಟು ಹಚ್ಚಿ ಹಾಕುವುದು, ಎಳೆಯುವುದು, ಮತ್ತೆ ಹಚ್ಚುವುದು. ಒಂದೊಂದೂ ಮೊಳಕೈ ಉದ್ದದ ಗೆಂಡೆ, ಹೊಟ್ಟೆ ತುಂಬಿ ಹೊಳೆಯುತ್ತಿದ್ದವು. ಕಿವಿರಿನಲ್ಲಿ ಹುರಿ ಪೋಣಿಸಿ ಬಂಡೆಯ ಮೂಲೆಗೆ ಕಟ್ಟಿ ನೀರಿಗೆ ಇಳಿಬಿಟ್ಟೆ. ಚಾಚಾ ಮಗುವಿನಂತೆ ನಗುತ್ತಿದ್ದರು. ಅವರ ಟೋಪಿ ಬಿತ್ತು, ಎತ್ತಲು ಪುರುಸೊತ್ತಿರಲಿಲ್ಲ. ಏಳು ಮೀನಾದವು. ಅವ್ವನಿಗೆ ಎರಡು ಸಾಕಿತ್ತು. ಆಗಲೇ ಏಳಬಹುದಿತ್ತು. ಆಮೇಲೆ ಮನಸ್ಸಿನಲ್ಲೇ ಆ ಏಳರಲ್ಲಿ ಪ್ರತಿಯೊಂದು ಮೀನಿನ ಹತ್ತಿರ ನಿಂತು, ಇಲ್ಲಿ ಎದ್ದಿದ್ದರೆ, ಇಲ್ಲಿ ಎದ್ದಿದ್ದರೆ ಎಂದು ನಾನು ಎಣಿಸಿದ್ದೇನೆ. ಕಾಕಾನ ಮಾತು ನನಗೆ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರನೆಯ ಮೀನಿಗೇ ನೆನಪಾಯಿತು. ಮೋಡವಿಲ್ಲವಲ್ಲ ಅಂದುಕೊಂಡೆ.

ಎಂಟನೆಯದಕ್ಕೆ ಹಿಟ್ಟು ಹಚ್ಚುವಾಗ ಚಾಚಾ ಗಾಳಿಯನ್ನು ಮೂಸಿದರು. ಒಣಗಿದ ಎರೆ ಮಣ್ಣಿಗೆ ಮೊದಲ ಮಳೆ ಬಿದ್ದ ವಾಸನೆ ಬರುತ್ತಿತ್ತು. ಮಳೆ ಎಲ್ಲೂ ಇರಲಿಲ್ಲ. ತಿರುಗಿ ನೋಡಿದೆ. ಜಾಲಿ ಕಡ್ಡಿ ಇರಲಿಲ್ಲ. ಕಲ್ಲುಹಾಸು ಇರಲಿಲ್ಲ. ದಂಡೆಗೂ ನಮಗೂ ನಡುವೆ ಚಹಾದ ಬಣ್ಣದ ನೀರು, ಅದರ ಮೇಲೆ ಜೋಳದ ಕೂಳೆ, ಕುರಿಯ ಹಿಕ್ಕೆ, ಬಿಳಿ ನೊರೆ. ಸದ್ದೇ ಇಲ್ಲದೆ ಬಂದಿತ್ತು. ಹೊಳೆ ಬರುವಾಗ ಗುಡುಗಿದಂತೆ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಮಗೆ ಬಂದದ್ದು ಬೆಕ್ಕು ಬಂದಂತೆ.

ನಾನು ನೀರಿಗೆ ಒಂದು ಕಾಲು ಇಳಿಸಿದೆ. ಮೊಣಕಾಲು ಮೀರಿತ್ತು, ಕಲ್ಲುಗಳು ಪಾದದಡಿ ಉರುಳುತ್ತಿದ್ದವು. ಒಬ್ಬನೇ ಆಗಿದ್ದರೆ ಬಿದ್ದು ಎದ್ದು ದಾಟಬಹುದಿತ್ತೇನೋ. ಬಾವಿಯಲ್ಲಿ ಈಜು ಕಲಿತವನು ನಾನು. ಚಾಚಾಗೆ ಈಜು ಬರುತ್ತಿರಲಿಲ್ಲ, ಮೊಣಕಾಲು ಬಗ್ಗುತ್ತಿರಲಿಲ್ಲ. ಅವರು ಅದನ್ನು ನನಗಿಂತ ಮೊದಲು ತಿಳಿದಿದ್ದರು. ಕೂತಲ್ಲೇ ದಾರ ಸುತ್ತುತ್ತಿದ್ದರು. ಗಾಳಗಳನ್ನು ಬಿಚ್ಚಿ, ಒರೆಸಿ, ತಗಡಿನ ಡಬ್ಬಿಯಲ್ಲಿ ಒಂದೊಂದಾಗಿ ಇಡುತ್ತಿದ್ದರು.

"ನೀ ಹೋಗು ಬೇಟಾ," ಅಂದರು. "ಈಗ ಹೋದ್ರ ದಾಟತಿ. ಅವ್ವ ಕಾಯಾಕತ್ತಿರತಾಳ."

ನಾನು ಹೋಗಲಿಲ್ಲ. ಅದು ಧೈರ್ಯವಲ್ಲ. ಆ ನೀರಿಗೆ ಇಳಿಯಲು ನನಗೆ ಹೆದರಿಕೆಯಾಯಿತು. ಕಾಕಾ ಎಂದು ಕೂಗಿದೆ. ಎಷ್ಟು ಸಲ ಕೂಗಿದೆನೋ ಗೊತ್ತಿಲ್ಲ. ಮೇಲಿನ ಕಡವಿನಿಂದ ಅವನು ಆಗಲೇ ನಮ್ಮನ್ನು ಕಂಡಿದ್ದ. ದೊಡ್ಡ ಹರಿಗೋಲನ್ನು ಮಳೆಗಾಲಕ್ಕೆ ಹೊಸ ತೊಗಲು ಬಿಗಿಯಲೆಂದು ಬಿಚ್ಚಿ ಹಾಕಿದ್ದ. ಚಿಕ್ಕದನ್ನು ತಲೆಯ ಮೇಲೆ ಹೊತ್ತು, ಬಂಡೆಗೆ ಸರಿಯಾಗಿ ತೇಲಿ ಬರಲೆಂದು ದಂಡೆಗುಂಟ ಇನ್ನೂ ಮೇಲಕ್ಕೆ ಓಡುತ್ತಿದ್ದ. ಅವನು ನಮ್ಮಿಂದ ದೂರ ಓಡುವುದನ್ನು ಕಂಡು, ಚಾಚಾ ಇದ್ದಾರೆಂದು ಬಿಟ್ಟು ಹೋಗುತ್ತಿದ್ದಾನೆ ಎಂದುಕೊಂಡೆ. ಅಂಥ ಹೊತ್ತಿನಲ್ಲಿ ಮನುಷ್ಯನ ಬಗ್ಗೆ ಮೊದಲು ಬರುವುದು ಇಂಥ ಯೋಚನೆಯೇ.

ಹರಿಗೋಲು ಬುಗುರಿಯಂತೆ ತಿರುಗುತ್ತ ಬಂತು. ಅವನು ಹುಟ್ಟನ್ನು ಬಂಡೆಯ ಸೀಳಿಗೆ ಊರಿ ಅದನ್ನು ನಿಲ್ಲಿಸಿದ. ನೀರು ಬಂಡೆಯ ಮೇಲೆ ಬಂದು ನಮ್ಮ ಪಾದ ತೋಯಿಸುತ್ತಿತ್ತು. ಚಾಚಾ ನನ್ನ ಹಿಂದೆ ಬೆತ್ತ ಊರಿ ಏಳಲು ನೋಡುತ್ತಿದ್ದರು, ಅವರ ಕೈ ನನ್ನ ಅಂಗಿಯ ಚುಂಗು ಹಿಡಿದಿತ್ತು. ನಾನು ಆ ಕೈ ಬಿಡಿಸಿಕೊಂಡು ಹರಿಗೋಲಿನೊಳಗೆ ಕಾಲಿಟ್ಟೆ.

ಅಷ್ಟೇ. ಯೋಚಿಸಿ ಮಾಡಿದ್ದಲ್ಲ. ಕಾಲು ತಾನೇ ಹೋಯಿತು. ತೊಗಲಿನ ತಣ್ಣನೆಯ ಜಿಗುಟು ಅಂಗಾಲಿಗೆ ತಾಗಿದ್ದು ಈಗಲೂ ಗೊತ್ತಾಗುತ್ತದೆ.

ಕಾಕಾ ತನ್ನ ಕೈಯನ್ನು ನನ್ನ ಎದೆಗೆ ಅಡ್ಡ ಇಟ್ಟ.

"ಕಾಲ ತಗಿ. ನೀ ಅಲ್ಲ, ಅಂವ."

ನಾನು ತೆಗೆಯಲಿಲ್ಲ. ಇಬ್ಬರೂ ಬರುತ್ತೇವೆ ಅಂದೆನೋ ಏನೋ. ಅವನು ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ.

"ಈ ನೀರಾಗ ಒಬ್ಬಾಂವ ಮಾತ್ರ ಕೂಡಬೇಕು. ನಿನಗ ಈಜು ಬರ್ತದ. ಕಾಲ ತಗಿ ತಮ್ಮಾ."

ತೆಗೆದೆ. ಚಾಚಾನನ್ನು ಕಂಕುಳಿಗೆ ಕೈ ಹಾಕಿ ಎತ್ತಿ ಕೂಡಿಸಿದೆ. ನೆಟ್ಟಗಿನ ಆ ಕಾಲು ಹರಿಗೋಲಿನ ಹೊರಗೆ ಚಾಚಿಕೊಂಡಿತ್ತು. ಕಾಕಾ ಅದನ್ನು ಎರಡೂ ಕೈಯಿಂದ ಹಿಡಿದು, ಮೊದಲ ಸಲ ಅವರನ್ನು ಮುಟ್ಟಿ, ಒಳಗೆ ಎಳೆದುಕೊಂಡ. ಹುಟ್ಟು ಕಿತ್ತ. ಹೋದರು.

ಹರಿಗೋಲಿಗೆ ಎದುರುನೀರು ಹತ್ತಲಾಗುವುದಿಲ್ಲ. ಎಲ್ಲೋ ಕೆಳಗೆ ದಂಡೆ ಸೇರಿಸಬೇಕು, ಅವರನ್ನು ಇಳಿಸಬೇಕು, ಹರಿಗೋಲನ್ನು ತಲೆಯ ಮೇಲೆ ಹೊತ್ತು ಅಷ್ಟೂ ದೂರ ಹಿಂದಕ್ಕೆ ಬರಬೇಕು, ಮೇಲಿನಿಂದ ಮತ್ತೆ ತೇಲಿ ಬರಬೇಕು. ಅಷ್ಟು ಹೊತ್ತು ನಾನು ಬಂಡೆಯ ಮೇಲೆ ನಿಂತಿದ್ದೆ. ಬಿಸಿಲು ಚೆನ್ನಾಗಿತ್ತು. ಆಚೆ ದಂಡೆಯಲ್ಲಿ ಒಂದು ಕೊಕ್ಕರೆ ಹೊಸ ನೀರಿನ ಅಂಚಿನಲ್ಲಿ ನಿಧಾನವಾಗಿ ಹೆಜ್ಜೆ ಹಾಕುತ್ತಿತ್ತು. ನೀರು ಮೀನಖಂಡಕ್ಕೆ ಬಂತು, ಮೊಣಕಾಲಿಗೆ ಬಂತು. ಕಟ್ಟಿದ ಏಳು ಮೀನು ಹುರಿಯನ್ನು ಜಗ್ಗುತ್ತಿದ್ದವು. ಅವನ್ನಾದರೂ ಬಿಚ್ಚಿ ಬಿಡಬೇಕೆಂದು ನನಗೆ ಹೊಳೆಯಲೇ ಇಲ್ಲ. ನನಗೆ ಹೊಳೆದದ್ದು ಒಂದೇ. ಕಾಕಾ ಬರದೆ ಹೋದರೆ ನಾನು ಸಾಯುವುದು ಚಾಚಾನಿಗಾಗಿ ನಿಂತವನಾಗಿ ಅಲ್ಲ. ಮೊದಲು ಕಾಲಿಟ್ಟು ಇಳಿಸಲ್ಪಟ್ಟವನಾಗಿ. ಊರಿಗೆ ಅದು ತಿಳಿಯುವುದಿಲ್ಲ, ಆ ಇಬ್ಬರಿಗೆ ತಿಳಿದಿರುತ್ತದೆ.

ಅವನು ಎರಡನೆಯ ಸಲ ಬಂದಾಗ ನೀರು ನನ್ನ ತೊಡೆಗಿತ್ತು, ನಾನು ಬಂಡೆಯ ಕೋಡನ್ನು ತಬ್ಬಿಕೊಂಡಿದ್ದೆ. ನನ್ನನ್ನು ಹತ್ತಿಸಿಕೊಳ್ಳುವ ಮುಂಚೆ ಅವನು ಸೊಂಟದ ಚೂರಿ ತೆಗೆದು, ನೀರೊಳಗೆ ಕೈ ಹಾಕಿ ಮೀನಿನ ಹುರಿಯನ್ನು ಕೊಯ್ದು ಬಿಟ್ಟ.

"ಎಲ್ಲಾ ಬಸರಿ ಅದಾವ," ಅಂದ. ದಂಡೆ ಮುಟ್ಟುವವರೆಗೆ ಅವನು ಆಡಿದ ಮಾತು ಅದೊಂದೇ.

ಚಾಚಾ ದಂಡೆಯ ಮೇಲೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದು, ಅಂಗಿಯ ಚುಂಗಿನಿಂದ ನನ್ನ ಮುಖ ಒರೆಸಿದರು. ಆ ದಿನವಾಗಲಿ ಆಮೇಲಾಗಲಿ ನಾನು ಮೊದಲು ಕಾಲಿಟ್ಟ ವಿಷಯ ಅವರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಆ ಸಾಯಂಕಾಲ ಬರಿಗೈಯಲ್ಲಿ ಹಳ್ಳಿಗೆ ಹೋದೆ. ಅವ್ವ ಮಸಾಲೆ ಅರೆದು ಇಟ್ಟಿದ್ದಳು. ನಡೆದದ್ದನ್ನು ಹೇಳಿದೆ, ಒಂದನ್ನು ಬಿಟ್ಟು. ಅವಳು ಆ ಮಸಾಲೆಗೆ ಬೇಳೆ ಹಾಕಿ ಸಾರು ಮಾಡಿದಳು. ಆ ಮಳೆಗಾಲ ಅವಳ ದಮ್ಮು ಹಿಂದಿನಷ್ಟೇ ಇತ್ತು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಆದರೆ ಕೆಮ್ಮು ಏರಿದಾಗಲೆಲ್ಲ ಅವಳು ನನ್ನ ಕಡೆ ನೋಡದಂತೆ ಮುಖ ತಿರುಗಿಸುತ್ತಿದ್ದಳು.

ನಾಲ್ಕು ದಿನಕ್ಕೆ ಹೊಳೆ ಒಂದು ಹದಕ್ಕೆ ಬಂತು, ಕಾಕಾ ಉಡಿ ತುಂಬುವ ತಯಾರಿ ಮಾಡಿದ. ನನ್ನನ್ನು ಕರೆಸಿಕೊಂಡು, ನಾನು ಕಟ್ಟೆಯ ಮೇಲೆ ಕೂಡುವ ಮುಂಚೆಯೇ ಹೇಳಿದ.

"ಹೊಳಿ ಯಾರನ್ನ ತಿರುಗಿ ಕೊಟ್ಟದ, ಅವರ ಮನೀ ಅಕ್ಕಿ ಉಡ್ಯಾಗ ಬೀಳಬೇಕು. ಇಲ್ಲಂದ್ರ ಹೊಳಿ ಮತ್ತ ಕೇಳತದ. ನಿಮ್ಮವ್ವನ ಕಡಿಂದ ಒಂದ್ ಮುಟಿಗಿ ತಗೊಂಬಾ. ಆ ಸಾಹೇಬನ ಮನಿಂದೂ."

ಅವರು ಕೊಡುತ್ತಾರೋ ಇಲ್ಲವೋ ಅಂದೆ. ನಿಜವಾಗಿ ನನ್ನ ಅನುಮಾನ ಇವನು ತೆಗೆದುಕೊಳ್ಳುತ್ತಾನೆಯೇ ಎನ್ನುವುದು.

"ಅಂವ ಬರೂದು ಬ್ಯಾಡ. ಅಕ್ಕಿ ಬರಲಿ," ಅಂದ. "ನನಗ ಅಂವನ ಮ್ಯಾಲಿನ ಸಿಟ್ಟು ಏನೂ ಕರಗಿಲ್ಲ. ಅದು ಬ್ಯಾರೆ, ಇದು ಬ್ಯಾರೆ."

ಚಾಚಾಗೆ ಹೇಳಿದೆ. ಅವರು ಬೆತ್ತ ಊರಿ ಎದ್ದು ಅಡುಗೆಮನೆಗೆ ಹೋದರು. ಡಬ್ಬದಿಂದ ಅಕ್ಕಿ ತೆಗೆದು ತಟ್ಟೆಗೆ ಹರಡಿ, ಕನ್ನಡಕ ಹಾಕಿಕೊಂಡು, ಒಂದೊಂದು ಕಲ್ಲು, ಒಂದೊಂದು ನುಚ್ಚು ಆರಿಸಿದರು. ಅಷ್ಟು ಅಕ್ಕಿ ಆರಿಸಲು ಹಿಡಿದ ಹೊತ್ತಿನಲ್ಲಿ ನಾನು ಎರಡು ಹಾಳೆ ದಫ್ತರು ಓದಿ ಮುಗಿಸಿದೆ. ಒಗೆದ ಬಿಳಿ ಕರವಸ್ತ್ರದಲ್ಲಿ ಗಂಟು ಕಟ್ಟಿ ಕೊಟ್ಟರು.

ಮುಂದೆ ಚಾಚಾ ಏಳೆಂಟು ವರ್ಷ ಬದುಕಿದ್ದರು. ಕನ್ನಡದ ರಾಜ್ಯವೆಲ್ಲ ಒಂದಾದುದನ್ನು ಕಂಡರು. ದಂಡೆಯಿಂದಷ್ಟೇ ಗಾಳ ಹಾಕುತ್ತಿದ್ದರು, ನಾನು ಪಕ್ಕದಲ್ಲಿರುತ್ತಿದ್ದೆ. ಮಿರಗ ಕೂಡುವ ಹೊತ್ತಿಗೆ ಮಾತ್ರ ಇಬ್ಬರೂ ಹೊಳೆಗೆ ಹೋಗಲಿಲ್ಲ. ಅವ್ವನ ಮೀನನ್ನು ಕಾಕಾನ ಬಲೆಯಿಂದ ತರುತ್ತಿದ್ದೆ. ಕಾಕಾ ಅವರೊಡನೆ ಕೊನೆಯವರೆಗೂ ಮಾತಾಡಲಿಲ್ಲ. ಆದರೆ ಪ್ರತಿ ವರ್ಷ ಹೊಸ ನೀರು ಬಂದಾಗ, ಆ ಮುದುಕನ ಅಕ್ಕಿ ಎಲ್ಲಿ ಎಂದು ನನ್ನನ್ನು ಕೇಳುತ್ತಿದ್ದ.

ಮೊದಲ ವರ್ಷದ ಉಡಿಯ ದಿನ ಎರಡು ಗಂಟು ಹಿಡಿದು ನಾನು ಕಡವಿಗೆ ಹೋದೆ. ಬರುವುದು ಬೇಡ ಅಂದಿದ್ದರೂ ಚಾಚಾ ಬಂದಿದ್ದರು. ಹತ್ತಿರ ಬಾರದೆ, ದೂರದ ಜಾಲಿಯ ನೆರಳಲ್ಲಿ ಬೆತ್ತದ ಮೇಲೆ ಎರಡೂ ಕೈಯಿಟ್ಟು ನಿಂತಿದ್ದರು. ಕಾಕಾ ಅತ್ತ ನೋಡಲಿಲ್ಲ. ನನ್ನ ಕೈಯಿಂದ ಕರವಸ್ತ್ರ ತೆಗೆದುಕೊಂಡು ಬಿಚ್ಚಿದ. ಅಷ್ಟು ಸ್ವಚ್ಛವಾದ ಅಕ್ಕಿಯನ್ನು ಕಂಡು ಅವನ ಬೆರಳು ಒಂದು ಕ್ಷಣ ಅದರಲ್ಲಿ ಆಡಿದವು. ಹಸಿರು ಕಣದೊಳಗೆ ಅವ್ವನ ಅಕ್ಕಿಯ ಮೇಲೆ ಅದನ್ನು ಸುರಿದ. ಕರವಸ್ತ್ರವನ್ನು ಮಡಿಚಿ ನನ್ನ ಜೇಬಿಗೆ ತುರುಕಿದ. ಉಡಿ ಹಿಡಿದುಕೊಳ್ಳಲು ಒಬ್ಬ ಬೇಕು, ಹತ್ತು ಅಂದ.

ಚಿಕ್ಕ ಹರಿಗೋಲು ದಂಡೆಗೆ ತಾಗಿ ಮೆಲ್ಲಗೆ ಅಲುಗುತ್ತಿತ್ತು. ನಾನು ಅದರ ಅಂಚಿಗೆ ಬಂದು ನಿಂತೆ. ಕಾಲು ಏಳಲಿಲ್ಲ. ಉಡಿಯನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ನಿಂತೆ. ಕಾಕಾ ಹುಟ್ಟನ್ನು ನೆಲಕ್ಕೆ ಊರಿ, ಹರಿಗೋಲು ಅಲುಗದಂತೆ ಹಿಡಿದುಕೊಂಡು ಕಾದ. ನನ್ನ ಕಾಲನ್ನೇ ನೋಡುತ್ತಿದ್ದ.

"ಇಡು ತಮ್ಮಾ," ಅಂದ ಕೊನೆಗೆ, ಮೆಲ್ಲಗೆ, ದೂರದವರಿಗೆ ಕೇಳದ ಹಾಗೆ. "ಇವತ್ತ ನಿನ್ನ ಹಿಂದ ಯಾರೂ ಇಲ್ಲ."

ನಾನು ತಿರುಗಿ ನೋಡಿದೆ. ಜಾಲಿಯ ಕೆಳಗಿನಿಂದ ಚಾಚಾ ಬೆತ್ತವನ್ನು ಸ್ವಲ್ಪ ಎತ್ತಿ, ಹೋಗು ಎಂಬಂತೆ ಹೊಳೆಯ ಕಡೆ ತೋರಿಸಿದರು. ಆಮೇಲೆ ಕಾಲಿಟ್ಟೆ.